ಹಸಿದ ಮೂಳೆಗಳು

ಮಾರ್ಚ್ 4

ಅಮ್ಮಾ,

ನಾನಿಲ್ಲಿ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೇನೆ.

ಫೋನು ಎತ್ತುತ್ತಿಲ್ಲವೆಂದು ಅತ್ತೆಯ ಹತ್ತಿರ ಕೂಗಾಡಿದೆಯಂತೆ. ಎತ್ತುವುದಿಲ್ಲ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಆಸ್ಪತ್ರೆಯಿಂದ ನಮ್ಮ ಮನೆಗೆ ಬಾರದೆ ನೇರ ಅಪ್ಪನ ಅಕ್ಕನ ಮನೆಗೆ ಏಕೆ ಹೋದೆ ಎಂದು ಕೇಳಿದೆಯಂತೆ. ಹೇಳುತ್ತೇನೆ. ಆಯ್ಕೆಯ ಓಟದಲ್ಲಿ ಇನ್ನು ಎರಡು ಸುತ್ತು ಬಾಕಿಯಿತ್ತು. ಯಾರೂ ನನ್ನನ್ನು ತಳ್ಳಲಿಲ್ಲ. ನಾನು ಎಡವಲೂ ಇಲ್ಲ. ತೊಡೆಯೊಳಗೆ ಒಣಕಡ್ಡಿ ಮುರಿದಂತೆ ಸದ್ದಾಯಿತು, ನೆಲ ಎದುರಿಗೆ ಬಂತು. ಬಿದ್ದಲ್ಲಿಂದ ತಲೆಯೆತ್ತಿ ನಿನ್ನನ್ನೇ ಹುಡುಕಿದೆ. ನೀನು ಕೂಗುತ್ತಿದ್ದೆ: "ಏಳೇ! ನಾಟಕ ಸಾಕು! ಇನ್ನೆರಡೇ ಸುತ್ತು!" ಎದ್ದೆ ಅಮ್ಮಾ. ಮುರಿದ ತೊಡೆಮೂಳೆಯ ಮೇಲೆ ಒಂದು ಹೆಜ್ಜೆ ಇಟ್ಟೆ. ಆಮೇಲಿನದು ನೆನಪಿಲ್ಲ.

ನೆನಪಿರುವುದು ಮೂಳೆ ಡಾಕ್ಟರ್ ಕೋಣೆ. ಅವರು ನನ್ನ ಕಡೆ ನೋಡಿ, "ಮುಟ್ಟು ಕೊನೇ ಸಲ ಯಾವಾಗ ಆಗಿದ್ದು?" ಎಂದರು. ನಾನು ಬಾಯಿ ತೆರೆಯುವ ಮುಂಚೆ ನೀನು, "ಅದೆಲ್ಲ ಸರಿಯಾಗಿದೆ ಡಾಕ್ಟ್ರೇ" ಎಂದೆ. ಎರಡು ವರ್ಷ ಮೂರು ತಿಂಗಳಾಗಿತ್ತು. ನಿನಗೆ ಗೊತ್ತಿತ್ತು. ಹದಿನೇಳನೇ ವಯಸ್ಸಿನಲ್ಲಿ ಮೊದಲ ಸಲ ನಿಂತಾಗ ಹೆದರಿ ನಿನ್ನ ಹತ್ತಿರ ಬಂದಿದ್ದೆ. "ಒಳ್ಳೇದೇ ಆಯ್ತು, ಅಭ್ಯಾಸ ಸರಿಯಾಗಿ ನಡೀತಿದೆ ಅಂತ ಅರ್ಥ" ಎಂದು ಬೆನ್ನು ತಟ್ಟಿದ್ದೆ.

ನೀನು ಔಷಧಿ ತರಲು ಹೋದಾಗ ಡಾಕ್ಟರ್ ನನಗೆ ನಿಜ ಹೇಳಿದರು. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಯಂತ್ರದ ಚಿತ್ರವನ್ನು ಬೆಳಕಿಗೆ ಹಿಡಿದು, "ಇಪ್ಪತ್ತು ವರ್ಷದ ಹುಡುಗಿ ಮೂಳೆ ಅಲ್ಲ ಕಣಮ್ಮ ಇದು. ಎಪ್ಪತ್ತರ ಅಜ್ಜಿಯದು. ಮನೇಲಿ ಊಟಕ್ಕೇನಾದ್ರೂ ತೊಂದರೆಯಾ?" ಎಂದು ಕೇಳಿದರು. ಏನು ಹೇಳಲಿ? ಮನೆಯಲ್ಲಿ ಎಲ್ಲ ಇತ್ತು, ಬೀಗದ ಕೈ ಅಮ್ಮನ ಸೊಂಟದಲ್ಲಿತ್ತು ಎನ್ನಲೇ? ಹಾಲು ಕುಡಿದರೆ ಮೈ ಭಾರ, ಮೊಟ್ಟೆ ತಿಂದರೆ ಕಾಲು ಭಾರ, ಎರಡು ಸೌಟು ಅನ್ನ ಬಡಿಸಿಕೊಂಡರೆ ಸೋಮವಾರದ ತೂಕದಲ್ಲಿ ಎಲ್ಲರೆದುರು ಮಾನ ಹೋಗುತ್ತದೆ ಎನ್ನಲೇ?

ತೊಡೆಯೊಳಗೆ ಸರಳು ಹಾಕಿದ್ದಾರೆ. ನೋಡಲು ಬರಬೇಡ. ನೀನು ತರಬೇತಿ ಕೊಡುವ ಮೈದಾನದಲ್ಲಿ ಇನ್ನೂ ಹನ್ನೊಂದು ಹುಡುಗಿಯರು ನಿನ್ನ ಮಾತು ಕೇಳಿಕೊಂಡು ಹಸಿದಿದ್ದಾರೆ. ನನಗಿಂತ ಮೊದಲು ಅವರಿಗೆ ಉತ್ತರ ಕೊಡು.

ನಿನ್ನ ಮಗಳು


ಮಾರ್ಚ್ 15

ಮಗಳೇ,

ಓದಿದೆ. ಎರಡು ಸಲ ಓದಿದೆ, ಇದು ನಾನು ಹೆತ್ತವಳ ಬರಹವೇ ಎಂದು.

ಓಟಗಾರರ ಕಾಲು ಮುರಿಯುತ್ತದೆ. ಅದು ಆಟದ ಭಾಗ. ಅದಕ್ಕೆ ತಾಯಿಯ ಮೇಲೆ ಕೇಸು ನಡೆಸುವವಳನ್ನು ಇದೇ ಮೊದಲು ನೋಡುತ್ತಿದ್ದೇನೆ. ಬೆಳಗಿನ ಜಾವ ಎದ್ದು ನಿನ್ನ ಜೊತೆ ಓಡಿದವಳು ಯಾರು? ನಿನ್ನ ಅಪ್ಪ ತೀರಿಕೊಂಡ ವರ್ಷವೂ ಒಂದು ದಿನವೂ ನಿನ್ನ ಅಭ್ಯಾಸ ತಪ್ಪಿಸಲಿಲ್ಲ. ನನ್ನ ಕಾಲದಲ್ಲಿ ನಾನು ಒಂದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಸೋತೆ. ಅಷ್ಟು ಸಣ್ಣ ಅಂತರ ಎಲ್ಲಿಂದ ಬರುತ್ತದೆ ಗೊತ್ತೇ? ಬೇಡದ ಒಂದು ಕಿಲೋದಿಂದ. ನಿನಗೆ ಆ ಗತಿ ಬರಬಾರದೆಂದು ಹಗಲಿರುಳು ಕಾದೆ. ಅದು ತಪ್ಪಾದರೆ ತಪ್ಪೇ.

ನಿನ್ನ ಅತ್ತೆ ಆಸ್ಪತ್ರೆಯ ಅಡುಗೆಮನೆಯಲ್ಲಿ ನಾನೂರು ಜನಕ್ಕೆ ಬಡಿಸುವವರು. ಅವರ ಕಣ್ಣಿಗೆ ಎಲ್ಲರೂ ಬಡಕಲಾಗಿಯೇ ಕಾಣುತ್ತಾರೆ. ಅವರ ಮಾತು ಕೇಳಿ ಮೈ ಬೆಳೆಸಿಕೊಂಡು ಬಂದರೆ ಮತ್ತೆ ಇಳಿಸಲು ವರ್ಷ ಬೇಕು. ಇದರ ಜೊತೆ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ಕಳಿಸಿದ್ದೇನೆ. ದಿನಕ್ಕೆ ಎರಡು ತೆಗೆದುಕೊ. ಮೂಳೆಗೆ ಬೇಕಾದದ್ದು ಅಷ್ಟೇ. ಏಪ್ರಿಲ್ ಕೊನೆಗೆ ವಾಪಸ್ಸು ಬಾ, ನೀರಿನಲ್ಲಿ ವ್ಯಾಯಾಮ ಶುರು ಮಾಡೋಣ.

ಹುಡುಗಿಯರು ಚೆನ್ನಾಗಿದ್ದಾರೆ. ಮಿಂಚು ಎರಡು ಕಿಲೋ ಇಳಿದು ತನ್ನ ಹಳೆಯ ಸಮಯವನ್ನು ಆರು ಸೆಕೆಂಡು ಹಿಂದೆ ಹಾಕಿದಳು. ಹದಿನಾಲ್ಕು ವರ್ಷದವಳು, ನಿನಗಿಂತ ಛಲ ಇದೆ.

ಅಮ್ಮ


ಮಾರ್ಚ್ 27

ಅಮ್ಮಾ,

ಮಾತ್ರೆಯ ಡಬ್ಬಿ ವಾಪಸ್ಸು ಕಳಿಸಿದ್ದೇನೆ. ಡಾಕ್ಟರ್ ಬರೆದುಕೊಟ್ಟದ್ದು ನನ್ನ ಬಳಿ ಇದೆ, ಅದರ ಜೊತೆಗೆ ಊಟವನ್ನೂ ಬರೆದುಕೊಟ್ಟಿದ್ದಾರೆ.

ಅತ್ತೆಯ ಆಸ್ಪತ್ರೆಯಲ್ಲಿ ರೋಗಿಗಳ ಊಟದ ಪಟ್ಟಿ ಬರೆಯುವ ಅಕ್ಕ ಒಬ್ಬರಿದ್ದಾರೆ. ನಿನ್ನ ಡಬ್ಬಿ ತೋರಿಸಿದೆ. ಅವರು ನಕ್ಕುಬಿಟ್ಟರು. "ಗೋಡೆ ಕಟ್ಟಬೇಕು ಅಂತ ಬರೀ ಸುಣ್ಣ ತಂದು ಸುರಿದ್ರೆ ಗೋಡೆ ಏಳುತ್ತಾ? ಇಟ್ಟಿಗೆ ಬೇಕು, ಅದು ಬೇಳೆ ಮೊಟ್ಟೆ ಮೀನು. ಸುಣ್ಣ ಒಳಗಿಳಿಯೋಕೆ ಬಿಸಿಲು ಬೇಕು. ಎಲ್ಲಕ್ಕಿಂತ ಮೊದ್ಲು ಗೋಡೆ ಕಟ್ಟೋ ಕೂಲಿಯವನಿಗೆ ಹೊಟ್ಟೆ ತುಂಬಾ ಊಟ ಬೇಕು. ಅವನೇ ಉಪವಾಸ ಇದ್ರೆ ಏನು ಕಟ್ತಾನೆ? ಇದ್ದ ಗೋಡೆನೇ ಕಿತ್ತು ತಿಂತಾನೆ." ನಾನು ದಿನಕ್ಕೆ ಹದಿನೈದು ಕಿಲೋಮೀಟರ್ ಓಡುತ್ತಿದ್ದೆನಲ್ಲ, ಆ ಓಟಕ್ಕೆ ಬೇಕಾದದ್ದನ್ನು ನೀನು ಕೊಡಲಿಲ್ಲ. ಮೈ ಮೊದಲು ಮುಟ್ಟು ನಿಲ್ಲಿಸಿತು. ಮುಟ್ಟು ತರುವ ಹಾರ್ಮೋನೇ ಮೂಳೆಯನ್ನೂ ಕಾಯುವುದಂತೆ, ಆ ಕಾವಲೂ ಹೋಯಿತು. ಮೂಳೆ ತುಂಬಿಕೊಳ್ಳುವ ವಯಸ್ಸು ಇದೇ, ಇಪ್ಪತ್ತೈದರ ಆಸುಪಾಸಿನವರೆಗೆ, ಆಮೇಲೆ ಇರುವುದನ್ನು ಉಳಿಸಿಕೊಳ್ಳುವುದಷ್ಟೇ ಎಂದರು. ನನಗೆ ಐದು ವರ್ಷ ಉಳಿದಿದೆ. ಅದನ್ನು ನಿನಗೆ ಕೊಡುವುದಿಲ್ಲ.

ಮೊದಲ ವಾರ ನಡೆದದ್ದು ಕೇಳು. ಅತ್ತೆ ಬಟ್ಟಲು ತುಂಬ ಮೊಸರು, ಎರಡು ಮೊಟ್ಟೆ, ಸೊಪ್ಪಿನ ಪಲ್ಯ ಮುಂದಿಟ್ಟರು. ತಿಂದೆ ಎಂದು ತಟ್ಟೆ ತೊಳೆದಿಟ್ಟೆ. ಮಾರನೇ ದಿನ ಬಟ್ಟೆ ಒಗೆಯುವಾಗ ನನ್ನ ಸ್ವೆಟರ್ ಜೇಬಿನಲ್ಲಿ ಮೊಟ್ಟೆ ಸಿಕ್ಕಿತು ಅವರಿಗೆ. ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ಯಾರಿಗೆ ಹೆದರ್ಕೊಂಡು ಬಚ್ಚಿಟ್ಟೆ ಮಗೂ? ಇಲ್ಲಿ ನಾನೊಬ್ಬಳೇ ಇರೋದು" ಎಂದರು. ನಾಚಿಕೆಯಿಂದ ಸತ್ತೇ ಹೋದೆ. ಆ ನಾಚಿಕೆ ನಿನ್ನದಾಗಬೇಕಿತ್ತು.

ಮಿಂಚುವಿಗೆ ಛಲ ಇದೆ ಎಂದು ಬರೆದೆ. ಛಲವಲ್ಲ, ಅವಳಿಗೆ ನಿನ್ನ ಭಯ. ಅವಳು ಬೆಳೆಯುವ ಹುಡುಗಿ, ಎರಡು ಕಿಲೋ ಹೆಚ್ಚಬೇಕಿತ್ತು. ಅವಳ ಅಮ್ಮನನ್ನು ನೀನೇ ಕರೆದು ಹೇಳು. ಇಲ್ಲವಾದರೆ ನಾನು ಹೇಳುತ್ತೇನೆ.

ಮಗಳು


ಏಪ್ರಿಲ್ 9

ನನ್ನ ಮೈದಾನದ ವಿಷಯಕ್ಕೆ ಕೈ ಹಾಕಬೇಡ. ಕಾಲು ಮುರಿದುಕೊಂಡು ಕುಳಿತವರೆಲ್ಲ ಡಾಕ್ಟರಾಗುವುದು ಬೇಡ. ಮಿಂಚುವಿನ ಅಮ್ಮ ಬಸ್ ಕಂಡಕ್ಟರ್, ಮಗಳನ್ನು ನನ್ನ ಕೈಗೆ ಒಪ್ಪಿಸಿ ನೆಮ್ಮದಿಯಾಗಿ ಕೆಲಸಕ್ಕೆ ಹೋಗುತ್ತಾಳೆ. ಆ ನಂಬಿಕೆಗೆ ಹುಳಿ ಹಿಂಡಿದರೆ ನಿನಗೂ ನನಗೂ ಸಂಬಂಧ ಮುಗಿಯಿತು.

ಅಮ್ಮ


ಏಪ್ರಿಲ್ 20

ಹಿಂಡಿದೆ. ಮಿಂಚುವಿನ ಅಮ್ಮನಿಗೆ ನಾಲ್ಕು ಪುಟ ಬರೆದು ನಿನ್ನೆ ಅಂಚೆಗೆ ಹಾಕಿದೆ, ನನ್ನ ಮೂಳೆಯ ಚಿತ್ರದ ಪ್ರತಿಯ ಜೊತೆ. ನೀನು ಮುರಿದುಕೊಳ್ಳಲು ಬಯಸಿದ್ದು ಸಂಬಂಧವನ್ನಾದರೆ ಮುರಿದುಕೊ. ನನ್ನಲ್ಲಿ ಮುರಿಯಲು ಬೇರೇನೂ ಉಳಿದಿಲ್ಲ.


ಮೇ 30

ನೋಡಮ್ಮಾ,

ನಾನು ಅವಳ ಅತ್ತೆ. ನನಗೆ ನಿಮ್ಮ ಥರ ಪುಸ್ತಕದ ಭಾಷೇಲಿ ಬರೆಯೋಕೆ ಬರಲ್ಲ, ಮಾತಾಡಿದ ಹಾಗೆ ಬರೀತೀನಿ. ಇಪ್ಪತ್ತು ವರ್ಷದಿಂದ ನೀನು ನನ್ನನ್ನ ಸೌಟು ಹಿಡಿದವಳು ಅಂತ ಆಡ್ಕೋತೀಯ. ಆಡ್ಕೋ, ಸೌಟಿಗೇನೂ ಸವೆತ ಇಲ್ಲ.

ನಿಮ್ಮ ಮೈದಾನದ ಕಾವಲುಗಾರ ಮೊನ್ನೆ ತನ್ನ ಹೆಂಡತಿನ ನಮ್ಮ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದ. ಅವನ ಬಾಯಲ್ಲಿ ಕೇಳಿದೆ, ನೀನು ಮೂರು ವಾರದಿಂದ ಹಾಸಿಗೆ ಹಿಡಿದಿದ್ದೀಯ, ಬೆನ್ನು ಎತ್ತೋಕೆ ಆಗ್ತಿಲ್ಲ, ಪಕ್ಕದ ಮನೆಯವರು ಬಂದು ಹೋಗಿ ನೋಡ್ಕೋತಿದ್ದಾರೆ ಅಂತ. ಎಣ್ಣೆ ಹಚ್ಕೊಂಡು ಮಲಗಿದ್ದೀಯಂತೆ. ಮುರಿದ ಗಾಡಿಗೆ ಬಣ್ಣ ಬಳಿದ ಹಾಗೆ. ಡಾಕ್ಟರ್ ಹತ್ತಿರ ಹೋಗು. ಅಹಂಕಾರಕ್ಕೆ ಎಕ್ಸ್‌ರೇ ಇಲ್ಲ, ಬೆನ್ನಿಗಿದೆ.

ಅವಳಿಗೆ ನಾನು ಹೇಳಿಲ್ಲ. ಹೇಳಿದ್ರೆ ಅರ್ಧ ತಟ್ಟೆ ಬಿಟ್ಟು ಏಳ್ತಾಳೆ. ಈಗೀಗ ಪೂರ್ತಿ ಉಣ್ತಿದ್ದಾಳೆ, ಎಳ್ಳು ಹುರಿದು ಪುಡಿ ಮಾಡಿಟ್ರೆ ಅನ್ನಕ್ಕೆ ತಾನೇ ಹಾಕ್ಕೋತಾಳೆ. ಊಟದ ಪಟ್ಟಿ ಬರೆಯೋಳು ಅವಳಿಗೆ ಜಾಸ್ತಿ ತಿನ್ನು ಅಂತಾಳೆ, ನನ್ನ ಮಂಡಿ ನೋಡಿ ನೀವು ಕಡಿಮೆ ತಿನ್ನಿ, ಕೀಲಿನ ಮೇಲೆ ಭಾರ ಬೀಳುತ್ತೆ ಅಂತಾಳೆ. ಒಂದೇ ಮನೇಲಿ ಎರಡು ನ್ಯಾಯ. ಆದ್ರೂ ಇಬ್ರೂ ಕೇಳ್ತಿದ್ದೀವಿ. ನೀನೊಬ್ಬಳೇ ಯಾರ ಮಾತೂ ಕೇಳದೋಳು.

ನಿನ್ನ ನಾದಿನಿಯೋ ಅತ್ತಿಗೆಯೋ, ಏನು ಬೇಕಾದ್ರೂ ಕರಿ


ಜೂನ್ 18

ಮಗಳೇ,

ದಿಂಬಿಗೆ ಒರಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ನಿನ್ನ ಅತ್ತೆ ಬರೆದ ಮೇಲೆ ಆಸ್ಪತ್ರೆಗೆ ಹೋಗಿದ್ದೆ.

ಮೇ ಮೊದಲ ವಾರ ಮಿಂಚುವಿನ ಅಮ್ಮ ನೇರ ಡ್ಯೂಟಿಯಿಂದಲೇ ಮೈದಾನಕ್ಕೆ ಬಂದಳು, ಹೆಗಲಲ್ಲಿ ಟಿಕೆಟಿನ ಚೀಲ ಹಾಗೇ ಇತ್ತು. ನಿನ್ನ ಪತ್ರವನ್ನು ಹುಡುಗಿಯರೆಲ್ಲರ ಎದುರು ಗಟ್ಟಿಯಾಗಿ ಓದಿದಳು, ನಿಲ್ದಾಣಗಳ ಹೆಸರು ಕೂಗುವ ಗಂಟಲಿನಲ್ಲಿ. "ಇದು ಸುಳ್ಳು ಅಂತ ಹೇಳಿ ಮೇಡಂ, ನಾನು ಹೋಗ್ತೀನಿ" ಎಂದಳು. ನಾನು ಪತ್ರ ಕಿತ್ತುಕೊಂಡು ಹರಿದು ಹಾಕಿದೆ. ಅವಳು ಮಗಳ ಕೈ ಹಿಡಿದು ಹೊರಟುಹೋದಳು. ಆ ದಿನ ನಿನ್ನ ಮೇಲೆ ಇದ್ದ ಸಿಟ್ಟಿನಲ್ಲಿ ಊರೇ ಸುಟ್ಟುಬಿಡುತ್ತಿದ್ದೆ. ಮಾರನೇ ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಹರ್ಡಲ್ ಕಂಬ ಎತ್ತಲು ಬಗ್ಗಿದೆ. ಬಗ್ಗಿದವಳು ಏಳಲಿಲ್ಲ.

ಅದೇ ಡಾಕ್ಟರ್, ಅದೇ ಕೋಣೆ. ಬೆನ್ನುಮೂಳೆಯ ಮೂರು ಮಣಿಗಳು ಕುಸಿದಿವೆ. ನನಗೆ ನಲವತ್ತಾರು. "ಚಿಕ್ಕ ವಯಸ್ಸಲ್ಲಿ ಮುಟ್ಟು ಯಾವಾಗಾದ್ರೂ ನಿಂತಿತ್ತಾ?" ಎಂದು ಕೇಳಿದರು. ಈ ಸಲ ನನ್ನ ಪರವಾಗಿ ಸುಳ್ಳು ಹೇಳಲು ಯಾರೂ ಪಕ್ಕದಲ್ಲಿರಲಿಲ್ಲ. ಹೇಳಿದೆ. ಹತ್ತೊಂಬತ್ತರಿಂದ ಇಪ್ಪತ್ನಾಲ್ಕರವರೆಗೆ ನಿಂತೇ ಇತ್ತು. ನನ್ನ ತರಬೇತುದಾರ ನಮ್ಮ ತಟ್ಟೆಯಿಂದ ಮುದ್ದೆ ಬೆಣ್ಣೆ ತೆಗೆದು ನಾಯಿಗೆ ಹಾಕುತ್ತಿದ್ದ, ನಮಗೆ ನಗಬೇಕೆಂದು ಹೇಳುತ್ತಿದ್ದ. ನಾವು ನಗುತ್ತಿದ್ದೆವು.

ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕುಳಿತೆ. ಮೂರು ಕಾಗದ ಹರಿದೆ, ಏಕೆಂದರೆ ಅದು ಸುಳ್ಳು. ಮೂಳೆಯ ವಿಷಯ ಗೊತ್ತಿರಲಿಲ್ಲ. ಹಸಿವಿನ ವಿಷಯ ಗೊತ್ತಿತ್ತು. ನೀನು ಹದಿಮೂರು ವರ್ಷದವಳಿದ್ದಾಗ ಹಿತ್ತಲಲ್ಲಿ ನಿಂತು ಒಣ ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ಆ ರುಚಿ ನನಗೂ ಗೊತ್ತಿತ್ತು. ಆದರೂ ಬ್ರೆಡ್ಡಿನ ಡಬ್ಬಿಗೆ ಬೀಗ ಹಾಕಿದೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಆ ಮನುಷ್ಯನ ಮೇಲೆ ನನಗೀಗ ಎಷ್ಟು ಸಿಟ್ಟಿದೆಯೆಂದರೆ, ನಿನಗೆ ನನ್ನ ಮೇಲೆ ಎಷ್ಟಿರಬೇಕು ಎಂದು ಲೆಕ್ಕ ಸಿಗುತ್ತಿದೆ.

ಅಮ್ಮ


ಜುಲೈ 2

ಅಮ್ಮಾ,

ನಿನ್ನ ಪತ್ರ ಓದಿ ಅತ್ತೆಯ ಜೊತೆ ಜಗಳ ಮಾಡಿದೆ, ನನಗೇಕೆ ಹೇಳಲಿಲ್ಲವೆಂದು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಮೇಲೆ ಮತ್ತೆ ಸಿಟ್ಟು ಬಂತು. ನೀನು ಬೆನ್ನು ಮುರಿದುಕೊಂಡು ನನ್ನ ಕೋಪಕ್ಕೆ ನಿಲ್ಲಲು ಜಾಗವೇ ಇಲ್ಲದ ಹಾಗೆ ಮಾಡಿದೆ. ಹಾಸಿಗೆ ಹಿಡಿದವಳನ್ನು ಬೈಯುವುದು ಹೇಗೆ? ಆದರೂ ಬೈಯುತ್ತೇನೆ. ನಿನಗೆ ಯಾರೋ ಮಾಡಿದ್ದನ್ನು ನೀನು ನನಗೆ ಮಾಡಿದೆ. ಕಿಟಕಿಯಿಂದ ನೋಡಿದ್ದೆ ಎಂದು ಬರೆದಿದ್ದೀಯ. ಅದನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು. ಬರೆದದ್ದೂ ಒಳ್ಳೆಯದೇ. ಗೊತ್ತಾಗುತ್ತಿಲ್ಲ.

ಊರುಗೋಲು ಬಿಟ್ಟು ಬಾಗಿಲ ತನಕ ನಡೆದೆ. ಕಳೆದ ಮಂಗಳವಾರ ಮುಟ್ಟಾದೆ. ಎರಡೂವರೆ ವರ್ಷದ ಮೇಲೆ. ಇದನ್ನು ಸಂತೋಷಕ್ಕೆ ಹೇಳುತ್ತಿಲ್ಲ, ನಿನಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ನಿನ್ನ ಪತ್ರದಲ್ಲಿ ನೀನಿದ್ದೀಯ, ನಾನಿದ್ದೇನೆ, ನಿನ್ನ ತರಬೇತುದಾರನೂ ಇದ್ದಾನೆ. ಹುಡುಗಿಯರು ಎಲ್ಲಿ? ಅಳುವುದು ಆಮೇಲೆ. ಅವರಿಗೆ ಏನು ಮಾಡಿದೆ?

ಮಗಳು


ಆಗಸ್ಟ್ 11

ಮಗಳೇ,

ಮಾಡಿದ್ದು ಇಷ್ಟು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮೈದಾನದ ಪಕ್ಕದ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಹೆತ್ತವರನ್ನೆಲ್ಲ ಸೇರಿಸಿದೆ. ನಿಂತು ಮಾತಾಡಲು ಆಗಲಿಲ್ಲ, ಕುಳಿತೇ ಹೇಳಿದೆ. ನಿಮ್ಮ ಮಕ್ಕಳನ್ನು ಉಪವಾಸ ಕೆಡವಿದ್ದು ನಾನು, ನನ್ನ ಮಗಳ ತೊಡೆ ಮುರಿದದ್ದು ಅದಕ್ಕೇ, ಮುಟ್ಟು ನಿಂತವರು ಇದ್ದರೆ ನಾಳೆಯೇ ಡಾಕ್ಟರಿಗೆ ತೋರಿಸಿ ಎಂದೆ. ಹೊಟ್ಟೆ ತುಂಬ ಊಟ, ಹಾಲು ಮೊಸರು, ಬೇಳೆ, ಸೊಪ್ಪು, ತಿನ್ನುವವರಿಗೆ ಮೊಟ್ಟೆ ಮೀನು, ಓಡಿದ ದಿನ ಇನ್ನೂ ಹೆಚ್ಚು ಎಂದು ಡಾಕ್ಟರ್ ಹೇಳಿದ್ದನ್ನೆಲ್ಲ ಓದಿ ಹೇಳಿದೆ.

ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಒಬ್ಬ ತಂದೆ ಎದ್ದು ನಿಂತು ಕೇಳಿದ್ದೇನು ಗೊತ್ತೇ? "ಅದೆಲ್ಲ ಸರಿ ಮೇಡಂ. ಹಿಂಗೆ ತಿಂದ್ರೆ ಗೆಲ್ತಾರಾ?" ಮಗಳೇ, ನನಗೆ ನನ್ನದೇ ಧ್ವನಿ ಕೇಳಿಸಿತು. "ಮುರಿದ ಕಾಲಲ್ಲಿ ಗೆಲ್ತಾರೇನ್ರೀ?" ಎಂದು ಕಿರುಚಿದೆ. ಸಭೆ ಮುಗಿದುಹೋಯಿತು.

ಮೈದಾನ ನಡೆಸುವ ಕ್ರೀಡಾ ಸಂಘದ ಕಾರ್ಯದರ್ಶಿ ನನ್ನನ್ನು ಕೆಲಸದಿಂದ ತೆಗೆದ. ಊಟ ಕೊಡದಿದ್ದಕ್ಕಲ್ಲ, ಅದನ್ನು ಹೊರಗೆ ಹೇಳಿದ್ದಕ್ಕೆ. ನಾಲ್ವರು ಹುಡುಗಿಯರು ಇನ್ನೊಬ್ಬ ತರಬೇತುದಾರನ ಹತ್ತಿರ ಹೋದರು. ಅವನು ವಾರಕ್ಕೆರಡು ಸಲ ತೂಕ ನೋಡುತ್ತಾನಂತೆ.

ಮೇನಲ್ಲಿ ಮೈದಾನ ಬಿಟ್ಟ ಮೇಲೆ ತೋರಿಸಿದಾಗ ಮಿಂಚುವಿನ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತಂತೆ. ಎರಡು ತಿಂಗಳು ಓಡದೆ ಉಂಡುಕೊಂಡಿದ್ದರೆ ಪೂರ್ತಿ ಕೂಡುತ್ತದೆ ಎಂದಿದ್ದರಂತೆ. ನಿನ್ನ ನಾಲ್ಕು ಪುಟ ಒಂದು ತಿಂಗಳು ತಡವಾಗಿದ್ದರೆ ಅವಳೂ ಬೀಳುತ್ತಿದ್ದಳು ಎಂದರು ಡಾಕ್ಟರ್. ಅವಳ ಅಮ್ಮ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಸರಿಯೇ.

ನಾನು ತಿನ್ನಲು ಕಲಿಯುತ್ತಿದ್ದೇನೆ. ಒಬ್ಬಳೇ ಕುಳಿತು ಒಂದು ಬೇಯಿಸಿದ ಮೊಟ್ಟೆಯನ್ನು ಹತ್ತು ನಿಮಿಷ ನೋಡುತ್ತೇನೆ, ಹಗೆಯವನನ್ನು ನೋಡಿದ ಹಾಗೆ. ಆಮೇಲೆ ತಿನ್ನುತ್ತೇನೆ.

ಅಮ್ಮ


ಆಗಸ್ಟ್ 24

ಅಮ್ಮಾ,

ಶನಿವಾರ ಬರುತ್ತೇನೆ. ನಿನ್ನನ್ನು ನೋಡಲು ಎಂದುಕೊಳ್ಳಬೇಡ. ಬೇರೆ ತರಬೇತುದಾರನ ಹತ್ತಿರ ಹೋದ ಆ ನಾಲ್ವರ ಮನೆಗಳಿಗೆ ಹೋಗಬೇಕು. ನೀನು ಹೇಳಿದರೆ ಸೋತವಳ ಮಾತು ಎನ್ನುತ್ತಾರೆ, ನಾನು ಹೇಳಿದರೆ ಮಗುವಿನ ಮಾತು ಎನ್ನುತ್ತಾರೆ. ಇಬ್ಬರೂ ಹೋಗೋಣ. ದಾರಿಯಲ್ಲಿ ನಮ್ಮಿಬ್ಬರ ವಿಷಯ ಎತ್ತಬೇಡ, ನಾನಿನ್ನೂ ಅಷ್ಟು ದೊಡ್ಡವಳಾಗಿಲ್ಲ. ಸಿಟ್ಟು ಕಡಿಮೆಯಾದ ದಿನ ನಾನೇ ಹೇಳುತ್ತೇನೆ.

ಅತ್ತೆ ನಿನಗೆಂದು ಎಳ್ಳಿನ ಪುಡಿ ಕಟ್ಟಿಕೊಡುತ್ತಿದ್ದಾರೆ. ಆಡಿಕೊಳ್ಳದೆ ತಿನ್ನು.

ಮಗಳು


ಸೆಪ್ಟೆಂಬರ್ 3

ಮಗಳೇ,

ನೀನು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ನಡೆದದ್ದನ್ನು ಬರೆಯಬೇಕು. ಫೋನಿನಲ್ಲಿ ಹೇಳಲಾರೆ.

ಮೊದಲ ಎರಡು ಮನೆಯವರು ಕೇಳಿಸಿಕೊಂಡರಲ್ಲ, ಆ ಇಬ್ಬರು ಹುಡುಗಿಯರೂ ಡಾಕ್ಟರಿಗೆ ತೋರಿಸಲು ಹೋಗಿದ್ದಾರೆ. ನಾಲ್ಕನೇ ಮನೆಯಿಂದ ಸುದ್ದಿಯಿಲ್ಲ. ಹೇಳಬೇಕಾದದ್ದು ಮೂರನೇ ಮನೆಯದು, ಆ ತಂದೆ "ನಮ್ಮ ಹುಡುಗಿ ಉಸಾಬರಿ ನಿಮಗ್ಯಾಕ್ರೀ" ಎಂದು ನಮ್ಮ ಮುಖಕ್ಕೇ ಬಾಗಿಲು ಹಾಕಿದನಲ್ಲ, ಅಲ್ಲಿಯದು. ಬಾಗಿಲು ಹಾಕುವ ಮುಂಚೆ ನೀನು ಲಂಗ ಎತ್ತಿ ತೊಡೆಯ ಮೇಲಿನ ಹೊಲಿಗೆಯ ಕಲೆ ತೋರಿಸಿದೆ. ನನಗೆ ಆಗ ಕೋಪ ಬಂದಿತ್ತು, ಬೀದಿಯಲ್ಲಿ ಹೀಗೇಕೆ ಮಾಡಿದಳು ಎಂದು. ಅವನು ನೋಡಲಿಲ್ಲ. ಅವನ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ನೋಡಿದ್ದಳು.

ನಿನ್ನೆ ಮಧ್ಯಾಹ್ನ ಅವಳು ಒಬ್ಬಳೇ ನಮ್ಮ ಮನೆಗೆ ಬಂದಳು, ಶಾಲೆಯ ಚೀಲ ಬೆನ್ನಿಗಿತ್ತು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, "ಮೇಡಂ, ನನಗೂ ಮುಟ್ಟು ನಿಂತು ಹದಿನಾಲ್ಕು ತಿಂಗಳಾಯ್ತು. ಅಪ್ಪನಿಗೆ ಹೇಳೋಕೆ ಆಗಲ್ಲ. ಅಮ್ಮ ಹೇಳ್ಬೇಡ ಅಂತಾಳೆ. ಯಾರಿಗೆ ಹೇಳ್ಬೇಕು?" ಎಂದಳು.

ಒಳಗೆ ಕರೆದು ಕೂರಿಸಿದೆ. ನಾಳೆ ಅವಳ ಅಮ್ಮನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗುವುದೆಂದು ಮಾತಾಯಿತು. "ಊಟ ಮಾಡಿದ್ಯಾ?" ಎಂದೆ. ನನ್ನ ಪಾಲಿನ ಅನ್ನ, ಬೇಳೆಸಾರು, ಮೊಸರು ಅವಳ ಮುಂದಿಟ್ಟು ಎದುರಿಗೆ ಕುಳಿತೆ.

ಅವಳು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು. ಇನ್ನೊಂದು ತುತ್ತು, ಮತ್ತೆ ನನ್ನ ಮುಖ. ತಪ್ಪು ಮಾಡುತ್ತಿರುವವಳ ಹಾಗೆ ಪ್ರತಿ ತುತ್ತಿಗೂ ಕಣ್ಣೆತ್ತಿ ನನ್ನ ಹುಬ್ಬು ಗಂಟಿಕ್ಕಿದೆಯೇ ಎಂದು ನೋಡುತ್ತಿದ್ದಳು. ನಾನು ನಗಲು ಪ್ರಯತ್ನಿಸಿದೆ. ಅವಳು ಇನ್ನೂ ಹೆದರಿ ಕೈ ಹಿಂದಕ್ಕೆಳೆದುಕೊಂಡಳು.

ಎಂಟು ವರ್ಷ ನೀನು ನನ್ನೆದುರು ಹೀಗೇ ಉಂಡಿದ್ದೆ ಮಗಳೇ. ಊಟದ ಮೇಜಿನಲ್ಲಿ ಈ ಕಣ್ಣುಗಳನ್ನು ದಿನಾ ನೋಡಿದ್ದೇನೆ. ಶಿಸ್ತು ಎಂದುಕೊಂಡಿದ್ದೆ.

ಮೇಜು ಹಿಡಿದು ಮೆಲ್ಲಗೆ ಎದ್ದೆ. "ಸಾಕಾಗದಿದ್ರೆ ಪಾತ್ರೇಲಿ ಇನ್ನೂ ಇದೆ, ನೀನೇ ಬಡಿಸ್ಕೋ" ಎಂದು ಹೇಳಿ ಹಿತ್ತಲಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ ನಿಂತೆ. ತುಂಬ ಹೊತ್ತಿನ ಮೇಲೆ ಒಳಗೆ ಪಾತ್ರೆಗೆ ಸೌಟು ತಾಗಿದ ಸದ್ದಾಯಿತು. ತಿರುಗಿ ನೋಡಲಿಲ್ಲ.

ಅಮ್ಮ